ಉತ್ತರ ಹೇಳುವ ಬಾಟು, ಪ್ರಶ್ನೆ ಕೇಳುವ ಬಾಟು: ಪದವಿ ಓದಿಗೆ ಯಾವುದನ್ನು ಇಟ್ಟುಕೊಳ್ಳೋದು?

"ಫೋನಲ್ಲಿ ನಾಕ್ ಅವೆ ಸಾ. ಯಾವ್ದ್ ಮಡಿಕಳ್ಳಿ, ಯಾವ್ದ್ ತಗ್ದ್‌ಬುಡ್ಲಿ?" ಮಂಡ್ಯದ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವ ನನಗೆ ಈಚೆಗೆ ಸಿಲಬಸ್ಸಿಗಿಂತ ಹೆಚ್ಚಾಗಿ ಎದುರಾಗುವ ಪ್ರಶ್ನೆ ಇದು. ಚಾಟ್‌ಜಿಪಿಟಿ, ಜೆಮಿನಿ, ಪರ್‌ಪ್ಲೆಕ್ಸಿಟಿ, ವಾಟ್ಸಾಪಿನೊಳಗೇ ಕೂತಿರುವ ಮೆಟಾ ಎಐ, ಹೀಗೆ ಕೇಳಿದ್ದಕ್ಕೆ ಉತ್ತರ ಕೊಡುವ ಎಐ ಚಾಟ್‌ಬಾಟುಗಳು. ಒಂದು ರೀಚಾರ್ಜ್ ಜತೆ ಬಂದದ್ದು, ಒಂದು ಸ್ನೇಹಿತ ಹಾಕಿಕೊಟ್ಟದ್ದು, ಒಂದು ತಾನಾಗಿಯೇ ಬಂದು ಕೂತದ್ದು. ಕೇಳುವವರೂ ಒಂದೇ ಬಗೆಯವರಲ್ಲ. ಕೆ.ಆರ್. ಪೇಟೆ, ನಾಗಮಂಗಲದಿಂದ ಬಸ್ಸಿನಲ್ಲಿ ಓಡಾಡುವ ಬಿ.ಕಾಂ. ಹುಡುಗರಿದ್ದಾರೆ, ಮೈಸೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುವವರಿದ್ದಾರೆ, ಬ್ಯಾಕ್‌ಲಾಗ್ ಹೊತ್ತ ಎಂಜಿನಿಯರಿಂಗ್ ಹುಡುಗರಿದ್ದಾರೆ, ಹಗಲು ಕೆಲಸ ಮಾಡಿ ರಾತ್ರಿ ಮುಕ್ತ ವಿಶ್ವವಿದ್ಯಾನಿಲಯದ ಸಿದ್ಧಪಾಠ ಬಿಚ್ಚುವವರಿದ್ದಾರೆ. ಇವರಿಗೆಲ್ಲ ಒಂದೇ ಹೆಸರು ಹೇಳಿ ಕಳಿಸಿದರೆ ಮೋಸವಾಗುತ್ತದೆ. ಅದಕ್ಕೆ ಮೊದಲು ಯಾವ ಅಳತೆಯಲ್ಲಿ ಅಳೆಯಬೇಕು ಎಂದು ಹೇಳಿ, ಆಮೇಲೆ ಒಂದೊಂದನ್ನೂ ತೂಗುತ್ತೇನೆ.

ಮೊದಲ ಅಳತೆ: ಕೆಲಸ ಮಾಡುವವರು ಯಾರು?

ಯಾವ ಬಾಟು ಹೆಚ್ಚು ಬುದ್ಧಿವಂತ ಎನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಪದವಿ ಮಟ್ಟದ ಪಾಠಕ್ಕೆ ಎಲ್ಲವೂ ಬೇಕಾದಷ್ಟು ಬುದ್ಧಿವಂತವೇ. ನೋಡಬೇಕಾದ್ದು, ಅದರ ಜತೆ ಒಂದು ಗಂಟೆ ಕೂತ ಮೇಲೆ ಲೆಕ್ಕ ಮಾಡಿದ್ದು ನೀವೋ, ಅದೋ ಎಂಬುದನ್ನು.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಒಂದು ಪ್ರೌಢಶಾಲೆಯ ಸುಮಾರು 1,000 ಮಕ್ಕಳ ಮೇಲೆ ಗಣಿತದಲ್ಲಿ ನಡೆಸಿದ ಪ್ರಯೋಗವೊಂದಿದೆ. ಒಂದು ಗುಂಪಿಗೆ ಮಾಮೂಲಿ ಚಾಟ್‌ಬಾಟ್ ಕೊಟ್ಟರು. ಇನ್ನೊಂದಕ್ಕೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಪಳಗಿಸಿದ ಬಾಟು, ಮೂರನೆಯದಕ್ಕೆ ಬರೀ ಪುಸ್ತಕ, ನೋಟ್ಸು. ಅಭ್ಯಾಸದ ಲೆಕ್ಕಗಳಲ್ಲಿ ಮೊದಲ ಗುಂಪು ಪುಸ್ತಕದ ಗುಂಪಿಗಿಂತ ಶೇ. 48ರಷ್ಟು ಮುಂದಿತ್ತು, ಸುಳಿವಿನ ಗುಂಪು ಶೇ. 127ರಷ್ಟು. ಆಮೇಲೆ ಬಾಟು ಕಿತ್ತುಕೊಂಡು ಪರೀಕ್ಷೆ ಬರೆಸಿದರು. ಮಾಮೂಲಿ ಬಾಟು ಬಳಸಿದವರು ಪುಸ್ತಕದ ಗುಂಪಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಸುಳಿವಿನ ಬಾಟಿನವರಿಗೆ ಆ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ. ಆದರೆ ಪುಸ್ತಕದ ಗುಂಪಿಗಿಂತ ಅವರು ಮೇಲೇನೂ ಹೋಗಲಿಲ್ಲ, ಇದನ್ನೂ ಹೇಳಬೇಕು. ಹಾರ್ವರ್ಡಿನಲ್ಲಿ ಭೌತಶಾಸ್ತ್ರದ 194 ವಿದ್ಯಾರ್ಥಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎಐ ಬೋಧಕನ ಜತೆ ಕೂತವರು ತರಗತಿಯಲ್ಲಿ ಕಲಿತವರ ಇಮ್ಮಡಿಗೂ ಮಿಕ್ಕಿ ಕಲಿತರು. ಆ ಬಾಟಿಗೆ ಪ್ರತಿ ಲೆಕ್ಕದ ಹಂತಗಳನ್ನೂ ಮೇಷ್ಟ್ರುಗಳೇ ಮೊದಲು ಬರೆದುಕೊಟ್ಟಿದ್ದರು. ನಮ್ಮ ಫೋನಿನ ಬಾಟಿಗೆ ಯಾರೂ ಹಾಗೆ ಬರೆದುಕೊಟ್ಟಿರುವುದಿಲ್ಲ.

ವ್ಯತ್ಯಾಸ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ಬಿ.ಕಾಂ.ನವರ ಹಳೇ ಲೆಕ್ಕ: ಅಕ್ಟೋಬರ್ 1ರಂದು 50,000 ರೂಪಾಯಿಗೆ ಯಂತ್ರ ಕೊಂಡಿದ್ದಾರೆ, ಡಿಮಿನಿಷಿಂಗ್ ಬ್ಯಾಲೆನ್ಸ್ (ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ ಹಾಕುವ) ಪದ್ಧತಿಯಲ್ಲಿ ವರ್ಷಕ್ಕೆ ಶೇ. 10 ಡಿಪ್ರಿಸಿಯೇಷನ್ (ಸವಕಳಿ), ಪ್ರತಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಯುತ್ತದೆ, ಮೂರು ವರ್ಷದ ಖಾತೆ ತಯಾರಿಸಿ. ಇದರ ಫೋಟೋ ಹೊಡೆದು ಹಾಕಿದರೆ ಯಾವ ಬಾಟಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕೋಷ್ಟಕ ಇಳಿಸುತ್ತದೆ: 2,500, 4,750, 4,275, ಉಳಿದ ಬೆಲೆ 38,475. ಹುಡುಗ ಅದನ್ನು ನಕಲು ಮಾಡಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ. ಇಂಟರ್ನಲ್ಸ್‌ನಲ್ಲಿ ಅದೇ ಹುಡುಗ ಮೊದಲ ವರ್ಷಕ್ಕೆ 5,000 ಬರೆದು ಬರುತ್ತಾನೆ.

ಈಗ ಅದೇ ಬಾಟಿಗೆ ಹೀಗೆ ಹೇಳಿ: "ನಾನು ಬಿ.ಕಾಂ. ವಿದ್ಯಾರ್ಥಿ. ಉತ್ತರ ಹೇಳಬೇಡ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನಾನು ತಪ್ಪಿದರೆ ಎಲ್ಲಿ ತಪ್ಪಿದೆ ಎಂದು ಹೇಳದೆ, ಆ ಜಾಗ ನಾನೇ ನೋಡುವ ಹಾಗೆ ಇನ್ನೊಂದು ಪ್ರಶ್ನೆ ಕೇಳು. ಕೊನೆಗೆ ಸಂಖ್ಯೆ ಬದಲಿಸಿ ಇಂಥದೇ ಒಂದು ಲೆಕ್ಕ ಕೊಡು." ಆಗ ಮಾತು ಬೇರೆ ಥರ ಹೋಗುತ್ತದೆ. ಯಂತ್ರ ಕೊಂಡದ್ದು ಯಾವ ತಿಂಗಳು ಎಂದು ಕೇಳುತ್ತದೆ. ಅಕ್ಟೋಬರ್ ಎನ್ನುತ್ತೀರಿ. ಹಾಗಾದರೆ ಮಾರ್ಚಿಗೆ ಎಷ್ಟು ತಿಂಗಳಾಯಿತು? ಆರು. ವರ್ಷಕ್ಕೆ 5,000 ಆದರೆ ಆರು ತಿಂಗಳಿಗೆ? ಇಲ್ಲಿ 2,500 ಹೊಳೆಯುವುದು ನಿಮಗೆ. ಎರಡನೇ ವರ್ಷ ಶೇ. 10 ಹಾಕಬೇಕಾದ್ದು 50,000ದ ಮೇಲೋ 47,500ರ ಮೇಲೋ ಎಂದು ಅದು ಕೇಳುವ ಹೊತ್ತಿಗೆ ನೀವೇ ಬರೆದಿರುತ್ತೀರಿ. ಹೊತ್ತು ನಾಲ್ಕು ಪಟ್ಟು ಹಿಡಿಯುತ್ತದೆ, ಕಿರಿಕಿರಿಯೂ ಆಗುತ್ತದೆ. ಈ ಕಿರಿಕಿರಿ ತಡೆದುಕೊಳ್ಳುವ ಮನಸ್ಸಿಲ್ಲದಿದ್ದರೆ ಯಾವ ಬಾಟು ಇಟ್ಟುಕೊಂಡರೂ ಒಂದೇ.

ಉಳಿದ ಅಳತೆಗಳು

ಎರಡನೆಯದು, ಅದು ನಿಮ್ಮ ಸಿಲಬಸ್ಸಿನಲ್ಲಿ ನಿಲ್ಲುತ್ತದೆಯೋ, ಲೋಕವೆಲ್ಲ ಸುತ್ತಿಸುತ್ತದೆಯೋ. ನಿಮಗೆ ಬೇಕಾದ್ದು ಎಂಟು ಅಂಕದ ಉತ್ತರ, ಅದು ಕೊಡುವುದು ಅಮೆರಿಕದ ಕಾಲೇಜಿನ ಎರಡು ಪುಟ.

ಮೂರನೆಯದು ಕನ್ನಡ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾತಾಡುವ ಕನ್ನಡ, ಇಂಗ್ಲಿಷ್ ಬೆರೆತ ಕಾಲೇಜು ಕನ್ನಡ ಈಗ ಎಲ್ಲ ದೊಡ್ಡ ಬಾಟುಗಳಿಗೂ ಬರುತ್ತದೆ. ಅರ್ಥಶಾಸ್ತ್ರದ ಪಾಠವನ್ನು ಕನ್ನಡದಲ್ಲಿ ವಿವರಿಸು ಎಂದರೆ ವಿವರಿಸುತ್ತವೆ, ಪಠ್ಯಪುಸ್ತಕದ ಪರಿಭಾಷೆ ಒಮ್ಮೊಮ್ಮೆ ತಪ್ಪಿದರೂ. ಎಡವುವುದು ಎರಡು ಕಡೆ. ಒಂದು, ನಮ್ಮ ಸ್ಥಳೀಯ ವಿಷಯ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಡೆದದ್ದು ಧ್ವಜ ಸತ್ಯಾಗ್ರಹ. ಪೊಲೀಸರ ಗುಂಡಿಗೆ ಜನ ಸತ್ತದ್ದು ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ. ಬಾಟೊಂದು ಎರಡನ್ನೂ ಕಲಸಿ ಶಿವಪುರದಲ್ಲೇ ಗೋಲಿಬಾರ್ ಮಾಡಿಸಿತ್ತು. ದಿನಾ ಸತ್ಯಾಗ್ರಹ ಸೌಧದ ಮುಂದೆಯೇ ಬಸ್ಸಿನಲ್ಲಿ ಹಾದು ಬರುವ ಹುಡುಗಿಯೊಬ್ಬಳು ಅದನ್ನು ಹಾಗೇ ಅಸೈನ್‌ಮೆಂಟಿಗೆ ಇಳಿಸಿದ್ದಳು. ಎರಡು, ಛಂದಸ್ಸು ಮತ್ತು ಹಳಗನ್ನಡ. ಭಾಮಿನಿ ಷಟ್ಪದಿಯ ಒಂದು ಪದ್ಯ ಕೊಟ್ಟು ಪ್ರಸ್ತಾರ ಹಾಕು ಎನ್ನಿ. 1, 2, 4, 5ನೇ ಸಾಲಿನಲ್ಲಿ 3, 4, 3, 4 ಮಾತ್ರೆ ಬರಬೇಕು, 3 ಮತ್ತು 6ರಲ್ಲಿ ಆ ಜೋಡಿ ಮೂರು ಸಲ ಬಂದು ಮೇಲೊಂದು ಗುರು. ಲಕ್ಷಣವನ್ನು ಬಾಟು ಚೆನ್ನಾಗೇ ಹೇಳುತ್ತದೆ, ಲಘು ಗುರು ಹಾಕಲು ಹೊರಟಾಗ ತಪ್ಪುತ್ತದೆ. ಅದು ಅಕ್ಷರ ಅಕ್ಷರವಾಗಿ ಓದುವುದಿಲ್ಲ. ಪದಗಳನ್ನು ತನಗೆ ಬೇಕಾದ ಹಾಗೆ ತುಂಡು ಮಾಡಿಕೊಳ್ಳುತ್ತದೆ, ಆ ತುಂಡು ನಮ್ಮ ಅಕ್ಷರಕ್ಕೆ ಹೊಂದುವುದಿಲ್ಲ. ಕನ್ನಡ ಐಚ್ಛಿಕ ತೆಗೆದುಕೊಂಡವರು ಪ್ರಸ್ತಾರವನ್ನು ಪೆನ್ಸಿಲಿನಲ್ಲೇ ಕಲಿಯುವುದು ಕ್ಷೇಮ.

ಇಂಗ್ಲಿಷಿಗಿಂತ ಕನ್ನಡದಲ್ಲಿ ಈ ತುಂಡುಗಳು ಹೆಚ್ಚಾಗುವುದರಿಂದ ಉದ್ದದ ಕನ್ನಡ ಪಾಠ ಹಾಕಿದಾಗ ದುಡ್ಡು ಕೊಡದವರಿಗಿರುವ ಬಳಕೆಯ ಮಿತಿಯೂ ಬೇಗ ಮುಗಿಯಬಹುದು. ಇದು ನಾಲ್ಕನೇ ಅಳತೆಗೆ, ಅಂದರೆ ದುಡ್ಡಿಗೆ ತಂದು ನಿಲ್ಲಿಸುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಐದನೆಯದು, ನೀವು ಅದಕ್ಕೆ ಏನು ಒಪ್ಪಿಸುತ್ತಿದ್ದೀರಿ ಮತ್ತು ಅದು ತನ್ನ ಎಲ್ಲೆ ಅರಿತು ನಿಮ್ಮನ್ನು ಮನುಷ್ಯರ ಹತ್ತಿರ ಕಳಿಸುತ್ತದೆಯೋ ಇಲ್ಲವೋ.

ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್

ಈ ಮೂರನ್ನೂ ಒಟ್ಟಿಗೆ ನೋಡಬೇಕು, ಏಕೆಂದರೆ ಮೂರರಲ್ಲೂ ಈಗ ಓದಿಗೆಂದೇ ಒಂದು ಬೇರೆ ಮೋಡ್ ಇದೆ. ಚಾಟ್‌ಜಿಪಿಟಿ 2025ರ ಜುಲೈನಲ್ಲಿ ಸ್ಟಡಿ ಮೋಡ್ ತಂದಿತು. ಜೆಮಿನಿಯ ಗೈಡೆಡ್ ಲರ್ನಿಂಗ್ ಆಗಸ್ಟಿನಲ್ಲಿ ಬಂತು. ಕ್ಲಾಡ್‌ನಲ್ಲಿ ಲರ್ನಿಂಗ್ ಎಂಬ ಶೈಲಿ ಆರಿಸಿಕೊಳ್ಳಬಹುದು. ಮೂರರದೂ ಉದ್ದೇಶ ಒಂದೇ, ಮೇಲೆ ತೋರಿಸಿದ ಹಾಗೆ ಪ್ರಶ್ನೆ ಕೇಳಿ ಕೇಳಿ ನಡೆಸುವುದು. ದುಡ್ಡು ಕೊಡದೆಯೂ ಸಿಗುತ್ತದೆ. ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಗೊತ್ತಿದ್ದವರೂ ಒಂದು ಒತ್ತು ಒತ್ತಿ ಅದನ್ನು ಆಫ್ ಮಾಡಿ ಉತ್ತರ ತೆಗೆದುಕೊಳ್ಳುತ್ತಾರೆ. ಆ ಗುಂಡಿಯ ಮೇಲೆ ಮೇಷ್ಟ್ರಿಗೆ ಹಿಡಿತವಿಲ್ಲ.

ಹಾಗಾದರೆ ಮೂರರಲ್ಲಿ ಯಾವುದು? ಬಾಯಿಮಾತಿನಲ್ಲಿ ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಕೇಳಿಸಿಕೊಳ್ಳಬೇಕು ಎನ್ನುವವರಿಗೆ ಜೆಮಿನಿ ಮೊದಲ ಆಯ್ಕೆ. 2024ರಲ್ಲೇ ಅದರ ಆಪ್ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು, ಮಾತಾಡುವ ಜೆಮಿನಿ ಲೈವ್‌ಗೂ ಅದೇ ವರ್ಷ ಕನ್ನಡ ಸೇರಿತು. ಆಂಡ್ರಾಯ್ಡ್ ಫೋನು, ಗೂಗಲ್ ಖಾತೆ ಹೇಗೂ ಇರುತ್ತದೆ. ಮಂಡ್ಯ–ಮೈಸೂರು ರೈಲಿನಲ್ಲಿ ನಿಂತುಕೊಂಡೇ ವೈವಾಗೆ ತಯಾರಾಗಲು ಕಿವಿಗೆ ಇಯರ್‌ಫೋನ್ ಹಾಕಿದರೆ ಸಾಕು, ಶ್ರೀರಂಗಪಟ್ಟಣ ದಾಟುವುದರೊಳಗೆ ಒಂದು ಅಧ್ಯಾಯದ ಪ್ರಶ್ನೆಗಳು ಮುಗಿಯುತ್ತವೆ.

ಲೆಕ್ಕ, ಕೋಡಿಂಗ್, ಹಂತ ಹಂತದ ವಿವರಣೆಗೆ ಚಾಟ್‌ಜಿಪಿಟಿ ಸರಾಗ. ಎಲ್ಲರ ಹತ್ತಿರವೂ ಇರುವುದರಿಂದ ಸಿಕ್ಕಿಹಾಕಿಕೊಂಡಾಗ ಪಕ್ಕದವರನ್ನೇ ಕೇಳಬಹುದು, ಇದೂ ಒಂದು ಅನುಕೂಲ. ಬರವಣಿಗೆ ತಿದ್ದಿಸಿಕೊಳ್ಳಲು, ಉದ್ದದ ಲೇಖನ ಓದಿ ವಾದ ಎಲ್ಲಿ ಸಡಿಲವಾಗಿದೆ ಎಂದು ತೋರಿಸಲು ನನಗೆ ಕ್ಲಾಡ್ ಹಿಡಿಸುತ್ತದೆ. ಉಚಿತ ಮಿತಿ ಮಾತ್ರ ಅರ್ಧ ದಾರಿಯಲ್ಲಿ ಕೈಕೊಡಬಹುದು. ಅದಕ್ಕೆ 18 ತುಂಬಿರಬೇಕೆಂಬ ನಿಯಮವೂ ಇದೆ, ಮೊದಲ ಸೆಮಿಸ್ಟರಿನ ಕೆಲವರಿಗೆ ಅದೇ ಅಡ್ಡಿ. ಪ್ರೋಗ್ರಾಮಿಂಗ್ ಕಲಿಯುವ ಮೊದಲ ವರ್ಷದವರಿಗೆ ಒಂದು ಕಿವಿಮಾತು: ಯಾವ ಬಾಟಾದರೂ ಸರಿ, ಕೋಡ್ ಬರೆಸಬೇಡಿ. ನೀವು ಬರೆದ ಕೋಡಿನಲ್ಲಿ ಬಂದ ಎರರ್ ಸಂದೇಶ ಹಾಕಿ, ಅದರ ಅರ್ಥ ಮಾತ್ರ ಕೇಳಿ. ಲ್ಯಾಬ್ ಪರೀಕ್ಷೆಯಲ್ಲಿ ಇಂಟರ್ನೆಟ್ ಇರುವುದಿಲ್ಲ.

ನೋಟ್‌ಬುಕ್‌ಎಲ್‌ಎಂ

ನನ್ನನ್ನು ಕೇಳಿದರೆ ಪದವಿ ವಿದ್ಯಾರ್ಥಿಗಳು ಅತಿ ಕಡಿಮೆ ಬಳಸುವ, ಅತಿ ಹೆಚ್ಚು ಬಳಸಬೇಕಾದ ಸಾಧನ ಇದು. ಗೂಗಲ್‌ನದೇ. ನೀವು ಕೊಟ್ಟ ನೋಟ್ಸು, ಸಿಲಬಸ್ಸು, ಹಳೇ ಪ್ರಶ್ನೆಪತ್ರಿಕೆಯ ಪಿಡಿಎಫ್, ಇಷ್ಟರ ಒಳಗಿನಿಂದ ಮಾತ್ರ ಉತ್ತರ ಹುಡುಕುತ್ತದೆ, ಉತ್ತರದ ಪಕ್ಕ ಅದು ನಿಮ್ಮ ಮೂಲದ ಯಾವ ಭಾಗದಿಂದ ಬಂತೆಂದು ತೋರಿಸುತ್ತದೆ. ಉಚಿತವಾಗಿಯೇ ಒಂದು ನೋಟ್‌ಬುಕ್ಕಿಗೆ 50 ಮೂಲಗಳವರೆಗೆ ಹಾಕಬಹುದು, ಒಂದು ಸೆಮಿಸ್ಟರಿನ ವಿಷಯವೊಂದಕ್ಕೆ ಧಾರಾಳ. ಎರಡನೇ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಹಳೇ ಪ್ರಶ್ನೆಪತ್ರಿಕೆ ಹಾಕಿ, ಯಾವ ಘಟಕದಿಂದ ಯಾವ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬಂದಿದೆ ಎಂದು ಕೇಳಿ. ಜೆರಾಕ್ಸ್ ಅಂಗಡಿಯಲ್ಲಿ ಪರೀಕ್ಷೆಗೆ ಎರಡು ದಿನ ಮುಂಚೆ ಸಿಗುವ ಪಾಸಿಂಗ್ ಪ್ಯಾಕೇಜಿಗಿಂತ ಇದು ಎಷ್ಟೋ ನಂಬಿಕಸ್ತ.

ಕನ್ನಡ ಮಾಧ್ಯಮದವರಿಗೆ ಇಲ್ಲೊಂದು ಗುಂಡಿ ಇದೆ, ಬೀಳುವ ಮೊದಲು ನೋಡಿಕೊಳ್ಳಿ. ನಮ್ಮ ಎಷ್ಟೋ ಕನ್ನಡ ಪಿಡಿಎಫ್‌ಗಳು ಯುನಿಕೋಡ್ (ಎಲ್ಲ ಯಂತ್ರಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ತಯಾರಾದವು. ಪರದೆಯ ಮೇಲೆ ನಮಗೆ ಅಚ್ಚುಕಟ್ಟಾಗಿ ಕನ್ನಡವಾಗಿ ಕಾಣುತ್ತದೆ, ಯಂತ್ರಕ್ಕೆ ಒಳಗೆ ಸಿಗುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಬಾಟು ಅದನ್ನು ಓದಲಾಗುತ್ತಿಲ್ಲ ಎಂದು ಒಪ್ಪಿಕೊಂಡರೆ ಪುಣ್ಯ, ಕೆಲವೊಮ್ಮೆ ತಲೆಬರಹ ನೋಡಿ ಊಹೆ ಮಾಡಿ ಹೇಳಿಬಿಡುತ್ತದೆ. ಪತ್ತೆ ಹಚ್ಚುವುದು ಸುಲಭ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ. ಕನ್ನಡ ಬಂದರೆ ಸರಿ. ಚಿತ್ರವಿಚಿತ್ರ ಅಕ್ಷರ ಬಂದರೆ ಆ ಪುಟಗಳ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಅಲ್ಲಿಂದ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅದು ಚಿತ್ರದಲ್ಲಿರುವ ಕನ್ನಡವನ್ನು ಓದಿ ಯುನಿಕೋಡ್ ಪಠ್ಯ ಮಾಡಿಕೊಡುತ್ತದೆ. ಒತ್ತಕ್ಷರ ಅಲ್ಲಲ್ಲಿ ಕೆಡುತ್ತದೆ, ತಿದ್ದಿಕೊಳ್ಳಬೇಕು. ಮುಕ್ತ ವಿಶ್ವವಿದ್ಯಾನಿಲಯದ ಸಿದ್ಧಪಾಠ ಇಟ್ಟುಕೊಂಡವರಿಗೂ ಇದೇ ದಾರಿ. ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಓದುವವರಿಗೆ ಸಂಶಯ ಕೇಳಲು ಪಕ್ಕದಲ್ಲಿ ಸಹಪಾಠಿ ಇರುವುದಿಲ್ಲ, ಮೇಷ್ಟ್ರು ಸಿಗುವುದು ಸಂಪರ್ಕ ತರಗತಿಯಲ್ಲಿ ಮಾತ್ರ. ಒಂದು ಭಾನುವಾರ ಕೂತು ಘಟಕಗಳನ್ನು ಹೀಗೆ ಸೇರಿಸಿಟ್ಟರೆ ಸೆಮಿಸ್ಟರ್ ಪೂರ್ತಿ ನಡೆಯುತ್ತದೆ. ಈ ಗುಂಪಿಗೆ ನಾನು ಬೇರೆ ಯಾವುದನ್ನೂ ಸೂಚಿಸುವುದಿಲ್ಲ.

ಇದರ ಕೊರತೆ? ನೋಟ್ಸಿನಲ್ಲಿ ತಪ್ಪಿದ್ದರೆ ತಪ್ಪನ್ನೇ ನಿಷ್ಠೆಯಿಂದ ಹೇಳುತ್ತದೆ. ಸೀನಿಯರ್ ಒಬ್ಬರ ಕೈಬರಹದ ನೋಟ್ಸು ಮಾತ್ರ ಹಾಕಿದರೆ ಆ ಸೀನಿಯರಿಗಿಂತ ಜಾಣ ಆಗುವುದಿಲ್ಲ.

ಪರ್‌ಪ್ಲೆಕ್ಸಿಟಿ ಮತ್ತು ವಾಟ್ಸಾಪಿನ ಮೆಟಾ ಎಐ

ಪರ್‌ಪ್ಲೆಕ್ಸಿಟಿ ಮೂಲತಃ ಹುಡುಕುವ ಯಂತ್ರ. ಇಂಟರ್ನೆಟ್ ಜಾಲಾಡಿ ಉತ್ತರದ ಜತೆ ಕೊಂಡಿ ಕೊಡುತ್ತದೆ. ಮಾನಸಗಂಗೋತ್ರಿಯಲ್ಲಿ ಎಂ.ಎ. ಡೆಸರ್ಟೇಶನ್ನಿಗೆ ವಿಷಯ ಹುಡುಕುವವರಿಗೆ, ಪಿಎಚ್.ಡಿ.ಯವರಿಗೆ, ಪ್ರಚಲಿತ ವಿದ್ಯಮಾನ ಓದುವ ಕೆಎಎಸ್ ಅಭ್ಯರ್ಥಿಗಳಿಗೆ ಒಳ್ಳೆಯದು. ಕೊಂಡಿ ಇದೆ ಎಂದ ಮಾತ್ರಕ್ಕೆ ನಂಬಬೇಡಿ, ಒತ್ತಿ ಓದಿ. ಕೊಂಡಿಯ ಪುಟದಲ್ಲಿ ಇಲ್ಲದ್ದನ್ನೂ ಅದರ ತಲೆಗೆ ಕಟ್ಟುವ ಅಭ್ಯಾಸ ಈ ಜಾತಿಯ ಯಂತ್ರಗಳಿಗೆಲ್ಲ ಇದೆ. ದಿನದಿನದ ಪಾಠಕ್ಕೆ ಇದು ತಕ್ಕದ್ದಲ್ಲ.

ಮೆಟಾ ಎಐ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇರೆ ಆಪ್ ಬೇಡ, ಫೋನಿನಲ್ಲಿ ಜಾಗ ಬೇಡ, ಒಂದು ಪದದ ಅರ್ಥ, ಒಂದು ಸೂತ್ರ ಕೇಳಲು ಸಾಕು. ವಾಟ್ಸಾಪಿನಲ್ಲಿ ಸ್ನೇಹಿತರ ಮಾತು ಬೀಗ ಹಾಕಿ ಹೋಗುತ್ತದೆ, ಆದರೆ ಈ ಬಾಟಿಗೆ ಹೇಳಿದ್ದು ಕಂಪನಿಗೆ ಕಾಣುತ್ತದೆ ಎಂಬುದು ನೆನಪಿರಲಿ.

ದುಡ್ಡಿನ ಲೆಕ್ಕ

2025 ನಮ್ಮ ಹುಡುಗರಿಗೆ ಉಚಿತದ ಸುಗ್ಗಿ. ಜುಲೈನಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಕೊಟ್ಟಿತು. ಅದೇ ತಿಂಗಳು ಗೂಗಲ್ ವಿದ್ಯಾರ್ಥಿಗಳಿಗೆ ತನ್ನ ದುಡ್ಡಿನ ಯೋಜನೆಯನ್ನು ವರ್ಷಕ್ಕೆ ಉಚಿತ ಮಾಡಿತು. ಅಕ್ಟೋಬರ್ ಕೊನೆಗೆ ಜಿಯೋ 5ಜಿ ಗ್ರಾಹಕರಿಗೆ 18 ತಿಂಗಳ ಜೆಮಿನಿ ಪ್ರೊ ಘೋಷಿಸಿತು. ಆಗಸ್ಟಿನಲ್ಲಿ ತಿಂಗಳಿಗೆ 399 ರೂಪಾಯಿಗೆ ಶುರುವಾದ ಚಾಟ್‌ಜಿಪಿಟಿ ಗೋ ನವೆಂಬರಿನಲ್ಲಿ ಹೊಸದಾಗಿ ಸೇರುವವರಿಗೆ ಒಂದು ವರ್ಷ ಬಿಟ್ಟಿಯಾಯಿತು. ಇಷ್ಟು ಕೈಗೆ ಬಂದ ಮೇಲೆ ದುಡ್ಡು ಕೊಟ್ಟು ಕೊಳ್ಳಬೇಕೇ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂಥ ಕೊಡುಗೆಗಳಿಗೆಲ್ಲ ಒಂದು ಕೊನೆ ದಿನ ಇರುತ್ತದೆ. ಹಲವಕ್ಕೆ ಯುಪಿಐ ಅಥವಾ ಕಾರ್ಡ್ ಜೋಡಿಸಿರುತ್ತೀರಿ. ಅವಧಿ ಮುಗಿದ ಮರುದಿನ ಆಟೋಪೇ ಕೆಲಸ ಶುರು ಮಾಡುತ್ತದೆ. ಅಪ್ಪನ ಖಾತೆಗೆ ಜೋಡಿಸಿದ್ದರೆ ಮನೆಯಲ್ಲಿ ಆಗುವುದನ್ನು ನಾನು ಬರೆಯಬೇಕಿಲ್ಲ. ನಿಮ್ಮ ಯುಪಿಐ ಆಪಿನಲ್ಲಿ ಆಟೋಪೇ ಪಟ್ಟಿ ಇರುತ್ತದೆ, ಇವತ್ತೇ ತೆಗೆದು ನೋಡಿ.

ಕೈಯಲ್ಲಿ ಕಾಸಿಲ್ಲದವರು ಚಿಂತೆ ಮಾಡಬೇಕಾಗಿಲ್ಲ. ಪ್ರಶ್ನೆ ಕೇಳಲು ಉಚಿತ ಜೆಮಿನಿ ಅಥವಾ ಚಾಟ್‌ಜಿಪಿಟಿ, ನೋಟ್ಸಿಗೆ ನೋಟ್‌ಬುಕ್‌ಎಲ್‌ಎಂ. ಬಿ.ಎ., ಬಿ.ಕಾಂ.ಗೆ ಈ ಜೋಡಿ ಸಾಕೋ ಸಾಕು. ತಿಂಗಳಿಗೆ ನಾನೂರರ ಆಸುಪಾಸು ಹಾಕಬಲ್ಲವರು ಅದನ್ನು ಪರೀಕ್ಷೆ ಇರುವ ತಿಂಗಳಿಗೆ ಮಾತ್ರ ಹಾಕಿ ನಿಲ್ಲಿಸಲಿ, ದಿನವಿಡೀ ಲೆಕ್ಕ ಬಿಡಿಸುವಾಗ ಮಿತಿ ಅಡ್ಡ ಬರುವುದು ಆಗಲೇ. ಚಾಟ್‌ಜಿಪಿಟಿ ಪ್ಲಸ್‌ಗೆ ತಿಂಗಳಿಗೆ ಸುಮಾರು ಎರಡು ಸಾವಿರ ಕೊಡುವುದು ಪದವಿ ವಿದ್ಯಾರ್ಥಿಗೆ ದಂಡ. ಅಷ್ಟು ದುಡ್ಡಿದ್ದರೆ ಕಷ್ಟದ ಪೇಪರಿಗೆ ಒಳ್ಳೇ ಟ್ಯೂಷನ್ ಮೇಷ್ಟ್ರನ್ನು ಹಿಡಿಯಿರಿ.

ಮನುಷ್ಯರು

ಹೋಲಿಕೆಯಲ್ಲಿ ಇವರನ್ನು ಬಿಟ್ಟರೆ ಪೂರ್ತಿಯಾಗುವುದಿಲ್ಲ. ನಿಮ್ಮ ಉತ್ತರಪತ್ರಿಕೆ ನೋಡಿ "ಇದನ್ನ ಯಾಕ್ ಹಿಂಗೆ ಬರ್ದೆ?" ಎಂದು ಗದರಿಸುವ ಮೇಷ್ಟ್ರು, ಹೋದ ವರ್ಷ ಇದೇ ಪೇಪರ್ ಬರೆದ ಹಾಸ್ಟೆಲಿನ ಅಕ್ಕ, ಇವರಿಗೆ ನಿಮ್ಮ ಸಿಲಬಸ್ಸೂ ಗೊತ್ತು, ನೀವೂ ಗೊತ್ತು. ಬಾಟು ಹೊಗಳುವುದು ಜಾಸ್ತಿ. ಕಳಪೆ ಪ್ರಬಂಧಕ್ಕೂ ಚೆನ್ನಾಗಿದೆ ಎಂದೇ ಶುರು ಮಾಡುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದ ಸಂಶಯಕ್ಕೆ, ಕ್ಲಾಸಿನಲ್ಲಿ ಕೈ ಎತ್ತಲು ನಾಚುವವರಿಗೆ, ಒಂದೇ ಪ್ರಶ್ನೆಯನ್ನು ಐದು ಸಲ ಕೇಳಬೇಕಾದವರಿಗೆ ಬಾಟು ಮೇಲು. ಹಳ್ಳಿಯಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹೆಣ್ಣುಮಕ್ಕಳು ನನ್ನನ್ನು ಕೇಳದ ಪ್ರಶ್ನೆಗಳನ್ನು ಅದಕ್ಕೆ ಕೇಳುತ್ತಾರೆ, ಆಮೇಲೆ ಧೈರ್ಯ ಬಂದು ನನ್ನನ್ನೂ ಕೇಳುತ್ತಾರೆ. ಇದನ್ನು ಕಣ್ಣಾರೆ ಕಂಡಿರುವುದರಿಂದ ಬಾಟು ಬೇಡವೇ ಬೇಡ ಎನ್ನುವ ಸಹೋದ್ಯೋಗಿಗಳ ಜತೆ ನಾನು ಸೇರುವುದಿಲ್ಲ.

ಮನಸ್ಸು ಕುಸಿದಾಗ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಮಾಡಿದ ಎಲೈಜಾ ಎಂಬ ಸರಳ ಪ್ರೋಗ್ರಾಮು ಹೇಳಿದ್ದನ್ನೇ ತಿರುಗಿಸಿ ಕೇಳುತ್ತಿತ್ತು ಅಷ್ಟೇ, ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದ್ದು ಕಂಡು ಅವನೇ ಗಾಬರಿಯಾದ. ಈಗಿನವು ಅದಕ್ಕಿಂತ ಎಷ್ಟೋ ಪಟ್ಟು ಮಾತುಗಾರ ಯಂತ್ರಗಳು. ಪರೀಕ್ಷೆಯ ಭಯ, ನಿದ್ದೆ ಬರದಿರುವುದು, ಬದುಕೇ ಬೇಡ ಎನಿಸುವುದು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮನೋವೈದ್ಯರಿದ್ದಾರೆ.

ಕಾಲೇಜೇ ಒಂದು ಬಾಟು ತರುವುದಾದರೆ

ಆಡಳಿತ ಮಂಡಳಿಗಳಲ್ಲಿ ಈ ಮಾತು ಶುರುವಾಗಿದೆ. ಎರಡು ಹಳೇ ಉದಾಹರಣೆ ನೋಡಿ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಅಶೋಕ್ ಗೋಯಲ್ 2016ರಲ್ಲಿ ತಮ್ಮ ಆನ್‌ಲೈನ್ ಕೋರ್ಸಿಗೆ ಜಿಲ್ ವಾಟ್ಸನ್ ಎಂಬ ಬಾಟನ್ನು ಸಹಾಯಕಿಯಾಗಿ ಇಟ್ಟರು. ಸೆಮಿಸ್ಟರ್ ಮುಗಿಯುತ್ತಾ ಬರುವವರೆಗೂ ವಿದ್ಯಾರ್ಥಿಗಳಿಗೆ ಅದು ಮನುಷ್ಯಳಲ್ಲವೆಂದು ತಿಳಿದಿರಲಿಲ್ಲ. ಸುದ್ದಿಯಾದದ್ದು ಅದು. ನಮಗೆ ಹೆಚ್ಚು ಪಾಠವಿರುವುದು ಅದೇ ವರ್ಷ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ತಂದ ಪೌನ್ಸ್‌ನಲ್ಲಿ. ಪಾಠ ಹೇಳುವ ಗೋಜಿಗೇ ಹೋಗದೆ, ಸೀಟು ಸಿಕ್ಕ ಹುಡುಗರಿಗೆ ಅರ್ಜಿ, ಸಾಲ, ದಾಖಲೆಗಳ ಕೊನೆ ದಿನವನ್ನು ಎಸ್ಸೆಮ್ಮೆಸ್ಸಿನಲ್ಲಿ ನೆನಪಿಸುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು, ಗೊತ್ತಿಲ್ಲದ್ದನ್ನು ಸಿಬ್ಬಂದಿಗೆ ದಾಟಿಸುವುದು ಅದರ ಕೆಲಸ. ಸೀಟು ಸಿಕ್ಕಿಯೂ ಬಾರದೆ ಹೋಗುವವರ ಪ್ರಮಾಣ ಶೇ. 21ರಷ್ಟು ಇಳಿಯಿತು.

ನಮ್ಮಲ್ಲಿ ಹುಡುಗರು ಎಲ್ಲಿ ಜಾರುತ್ತಾರೆ ನೋಡಿ. ಯುಯುಸಿಎಂಎಸ್ ಎಂಬ ವಿಶ್ವವಿದ್ಯಾಲಯಗಳ ಪೋರ್ಟಲ್ಲಿನಲ್ಲಿ ಪರೀಕ್ಷಾ ಅರ್ಜಿ ತುಂಬಲು ಮರೆತು ದಂಡ ಕಟ್ಟುತ್ತಾರೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿಯೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ದುಡ್ಡು ಬರುವುದಿಲ್ಲ. ಅಟೆಂಡೆನ್ಸ್ ಕಡಿಮೆಯಾದದ್ದು ಹಾಲ್‌ಟಿಕೆಟ್ ಹೊತ್ತಿಗೆ ತಿಳಿಯುತ್ತದೆ. ಅದಕ್ಕೇ ಕಾಲೇಜು ದುಡ್ಡು ಹಾಕುವುದಾದರೆ ಪಾಠ ಹೇಳುವ ದುಬಾರಿ ಬಾಟಿಗೆ ಹಾಕಬಾರದು, ಕನ್ನಡದಲ್ಲಿ ತಾರೀಖು ನೆನಪಿಸಿ ಗೊತ್ತಿಲ್ಲದ್ದನ್ನು ಆಫೀಸಿಗೆ ದಾಟಿಸುವ ಸಣ್ಣ ಬಾಟಿಗೆ ಹಾಕಬೇಕು. ಜಾತಿ ಪ್ರಮಾಣಪತ್ರ, ಆದಾಯ, ಅಂಕಪಟ್ಟಿ ಅದರ ಮೂಲಕ ಓಡಾಡುವ ಮೊದಲು ಎಲ್ಲಿ ಶೇಖರವಾಗುತ್ತದೆ, ಯಾರು ಅಳಿಸುತ್ತಾರೆ ಎಂಬುದು ಬರವಣಿಗೆಯಲ್ಲಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಸೌಜನ್ಯದ ಮಾತಲ್ಲ.

ಸ್ವಂತ ಫೋನಿನಲ್ಲಿ ಬಳಸುವವರಿಗೂ ಅದೇ. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾತನ್ನು ತರಬೇತಿಗೆ ಬಳಸದಂತೆ ಮಾಡಬಹುದು, ಜೆಮಿನಿಯಲ್ಲೂ ಚಟುವಟಿಕೆ ಉಳಿಸುವುದನ್ನು ಆಫ್ ಮಾಡಬಹುದು. ಆಧಾರ್ ಸಂಖ್ಯೆ, ಗೆಳತಿಯ ಜಗಳದ ಸ್ಕ್ರೀನ್‌ಶಾಟು ಇವೆಲ್ಲ ಓದಿನ ಬಾಟಿಗೆ ಬೇಡ.

ಅಸೈನ್‌ಮೆಂಟ್ ಬರೆಸುವವರಿಗೆ

ಬಾಟಿನಿಂದ ಬರೆಸಿ ಕೊಟ್ಟರೆ ಸಿಕ್ಕಿಬೀಳುತ್ತೇವಾ ಎಂದು ಗುಟ್ಟಾಗಿ ಕೇಳುತ್ತಾರೆ. ಯುಜಿಸಿಯ 2018ರ ನಿಯಮದಲ್ಲಿ ಸಂಶೋಧನಾ ಪ್ರಬಂಧಗಳಿಗೆ ಬೇರೆಯವರ ಬರಹದ ಜತೆ ಹೋಲಿಕೆ ಶೇ. 10ರವರೆಗೆ ಇದ್ದರೆ ಶಿಕ್ಷೆಯಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಅದು ಕೃತಿಚೌರ್ಯದ ಅಳತೆ, ಬಾಟಿನ ಬರಹವನ್ನು ಹಿಡಿಯುವುದು ಬೇರೆ ಸಂಗತಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಬಿಟ್ಟ ಪತ್ತೆ ಯಂತ್ರವನ್ನು ನಿಖರತೆ ಸಾಲದೆಂದು ಜುಲೈನಲ್ಲಿ ಹಿಂದೆಗೆದುಕೊಂಡಿತು. ಯಂತ್ರಕ್ಕೆ ಸಿಗದಿರಬಹುದು. ವೈವಾದಲ್ಲಿ ಎರಡನೇ ಪ್ರಶ್ನೆಗೇ ಸಿಗುತ್ತೀರಿ.

ಇನ್ನೂ ತೀರ್ಮಾನವಾಗದಿದ್ದರೆ

ಒಂದು ವಾರ ಹೀಗೆ ಮಾಡಿ. ನಿಮಗೆ ಅತಿ ಕಷ್ಟವೆನಿಸುವ ಒಂದು ಘಟಕ ಆರಿಸಿಕೊಳ್ಳಿ. ಅರ್ಧ ಘಟಕವನ್ನು ಒಂದು ಬಾಟಿನ ಜತೆ, ಉಳಿದರ್ಧವನ್ನು ಇನ್ನೊಂದರ ಜತೆ ಓದಿ, ಎರಡಕ್ಕೂ ಮೇಲೆ ಕೊಟ್ಟ ಅದೇ ಸೂಚನೆ ಹಾಕಿ. ಎರಡು ದಿನ ಬಿಟ್ಟು, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಹಳೇ ಪ್ರಶ್ನೆಪತ್ರಿಕೆಯಿಂದ ಎರಡೂ ಭಾಗದ ಪ್ರಶ್ನೆ ತೆಗೆದುಕೊಂಡು ಗಡಿಯಾರ ಇಟ್ಟು ಬರೆಯಿರಿ. ಮೇಷ್ಟ್ರಿಂದಲೋ ಸೀನಿಯರಿಂದಲೋ ತಿದ್ದಿಸಿ. ಯಾವ ಅರ್ಧಕ್ಕೆ ಹೆಚ್ಚು ಅಂಕ ಬಂತೋ ಆ ಬಾಟು ಉಳಿಯಲಿ. ಎರಡೂ ಸಮನಾದರೆ ಕಡಿಮೆ ಡೇಟಾ ತಿನ್ನುವುದನ್ನು ಇಟ್ಟುಕೊಂಡು ಇನ್ನೊಂದನ್ನು ಅನ್‌ಇನ್‌ಸ್ಟಾಲ್ ಮಾಡಿ.